ದಂಡ ಬಿದ್ದದ್ದು ಪೇಡಾಕ್ಕಲ್ಲ

ಆಸ್ಟ್ರೇಲಿಯಾದ ವಿಮಾನ ನಿಲ್ದಾಣವೊಂದರಲ್ಲಿ ನಮ್ಮ ಅವ್ವನ ಪೆಟ್ಟಿಗೆಯಿಂದ ಹೊರಗೆ ತೆಗೆದಿಟ್ಟ ಸಾಮಾನು ಇಷ್ಟು: ಧಾರವಾಡ ಪೇಡಾ ಒಂದು ಕೆಜಿ, ಬ್ಯಾಡಗಿ ಮೆಣಸಿನಕಾಯಿ ಅರ್ಧ ಕೆಜಿ, ತೊಗರಿಬೇಳೆ ಎರಡು ಕೆಜಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಹಿಡಿ ಕರಿಬೇವು, ಫಿಲ್ಟರ್ ಕಾಫಿಪುಡಿ ಒಂದು ಕೆಜಿ. ಇದರಲ್ಲಿ ಕಾಫಿಪುಡಿ ಒಂದೇ ತಿರುಗಿ ಪೆಟ್ಟಿಗೆ ಸೇರಿತು. ಜೊತೆಗೆ 1,980 ಆಸ್ಟ್ರೇಲಿಯನ್ ಡಾಲರಿನ ದಂಡದ ನೋಟಿಸು ಕೈಗೆ ಬಂತು. ನಮ್ಮ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಲಕ್ಷದ ಮೇಲೆ.

ಈ ಗೋಜೆಲ್ಲ ಒಂದು ದಡ ಮುಟ್ಟಿ ಇನ್ನೂ ಹದಿನೈದು ದಿನವಾಗಿಲ್ಲ. ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಉಪಯೋಗವಾದೀತು ಎಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನೂ ಅವ್ವನೂ ಒಂದೇ ವಿಮಾನದಲ್ಲಿ ಬಂದರೂ ಸೀಟು ಬೇರೆ ಬೇರೆ ಸಿಕ್ಕಿದ್ದವು. ಇಳಿಯುವುದಕ್ಕೆ ಎರಡು ತಾಸು ಮೊದಲು ಪ್ರವೇಶ ಕಾರ್ಡು ಹಂಚಿದಾಗ ನಾನು ನಿದ್ದೆಯಲ್ಲಿದ್ದೆ. ಅವ್ವನ ಪಕ್ಕದಲ್ಲಿದ್ದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಪಾಸ್‌ಪೋರ್ಟ್ ಇಸಕೊಂಡು ಹೆಸರು, ನಂಬರು, ವಿಳಾಸ ತುಂಬಿದ. ಆಮೇಲೆ ಪ್ರಶ್ನೆಗಳ ಸಾಲಿನಲ್ಲಿ ಮೇಲಿನಿಂದ ಕೆಳಗಿನ ತನಕ ‘ನೋ’ ಚೌಕಗಳಿಗೆಲ್ಲ ಗುರುತು ಹಾಕಿ, ‘ಇಲ್ಲಿ ಸಹಿ ಮಾಡ್ರಿ ಆಂಟಿ’ ಎಂದ. ಅವ್ವ ಕನ್ನಡದಲ್ಲಿ ಸಹಿ ಮಾಡಿದಳು. ನಮ್ಮ ಪ್ರಕರಣದ ಕಾನೂನು ಭಾಗವೆಲ್ಲ ಆ ಸಹಿಯೊಳಗೇ ಇದೆ.

ಆ ಕಾರ್ಡಿನ ಆರನೆಯ ಪ್ರಶ್ನೆ ಮಾಂಸ, ಮೀನು, ಮೊಟ್ಟೆ, ಹಾಲಿನ ಪದಾರ್ಥ, ಹಣ್ಣು, ತರಕಾರಿಗೆ ಸೇರಿದ್ದು. ಏಳನೆಯದು ಕಾಳು, ಬೀಜ, ಗಿಡದ ಯಾವುದೇ ಭಾಗ, ನಾಟಿ ಔಷಧ, ಗಿಡಮೂಲಿಕೆ, ಮರದ ಸಾಮಾನಿಗೆ. ಒಂಬತ್ತನೆಯದು ಮಣ್ಣಿಗೆ. ಹತ್ತನೆಯದು ಕಳೆದ 30 ದಿನಗಳಲ್ಲಿ ಹೊಲಕ್ಕೆ, ದನಕರುಗಳ ಹತ್ತಿರ ಹೋಗಿದ್ದಿರಾ ಎಂದು ಕೇಳುತ್ತದೆ. ನಮ್ಮ ಕಡೆಯಿಂದ ಬರುವ ಹಿರಿಯರಲ್ಲಿ ಈ ಹತ್ತನೆಯದಕ್ಕೆ ನಿಜವಾಗಿ ‘ನೋ’ ಎನ್ನಬಲ್ಲವರು ಎಷ್ಟು ಜನ? ಹೊರಡುವ ಹಿಂದಿನ ದಿನ ಹೊಲಕ್ಕೆ ಹೋಗಿ ಕೈಮುಗಿದು ಬಂದಿರುತ್ತಾರೆ, ಅದೇ ಚಪ್ಪಲಿಯಲ್ಲಿ ವಿಮಾನ ಹತ್ತಿರುತ್ತಾರೆ. ‘ಎಸ್’ ಎಂದರೆ ಚಪ್ಪಲಿ ನೋಡುತ್ತಾರೆ, ಬೇಕಾದರೆ ತೊಳೆದು ಕೊಡುತ್ತಾರೆ. ಅಷ್ಟೇ.

ಪಾಸ್‌ಪೋರ್ಟ್ ಕೌಂಟರು ದಾಟಲು 25 ನಿಮಿಷ ಹಿಡಿಯಿತು. ಬೆಲ್ಟಿನ ಹತ್ತಿರ ಪೆಟ್ಟಿಗೆಗೆ ಕಾಯುವಾಗ ಲ್ಯಾಬ್ರಡಾರ್ ನಾಯಿಯೊಂದು ಟ್ರಾಲಿಗಳ ನಡುವೆ ಸುತ್ತುತ್ತಿತ್ತು. ಅವ್ವನ ಕೈಚೀಲದ ಪಕ್ಕ ಬಂದು ಸದ್ದಿಲ್ಲದೆ ಕುಳಿತುಕೊಂಡಿತು. ಬೊಗಳಲಿಲ್ಲ, ಮೂತಿಯನ್ನೂ ಹಾಕಲಿಲ್ಲ. ಅವ್ವ ಅದರ ತಲೆ ಸವರಲು ಕೈ ಚಾಚಿದಳು. ನಾಯಿ ಹೀಗೆ ಕುಳಿತರೆ ವಾಸನೆ ಸಿಕ್ಕಿತು ಎಂದರ್ಥ ಎಂಬುದು ನಮಗೆ ಆಮೇಲೆ ತಿಳಿಯಿತು. ಕೈಚೀಲದಲ್ಲಿ ಏನೂ ಇರಲಿಲ್ಲ. ಆದರೆ ಅದರಲ್ಲೇ ಬೆಳಗಿನ ತನಕ ಕರಿಬೇವು ಇತ್ತು, ಬೆಂಗಳೂರಿನಲ್ಲಿ ಚೆಕ್-ಇನ್ ಮಾಡುವ ಮುಂಚೆ ದೊಡ್ಡ ಪೆಟ್ಟಿಗೆಗೆ ಸೇರಿಸಿದ್ದಳು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾರ್ಡಿನಲ್ಲಿ ತಪ್ಪಾಗಿದೆ ಎಂದು ಗೊತ್ತಾದರೆ ತಪಾಸಣೆ ಶುರುವಾಗುವ ಮುಂಚೆಯೇ ‘ಇದರಲ್ಲಿ ತಿನ್ನುವ ಪದಾರ್ಥ ಇದೆ, ಕಾರ್ಡು ತಿದ್ದಬೇಕು’ ಎಂದು ಅಧಿಕಾರಿಗೆ ಹೇಳಿಬಿಡಿ. ತಾವಾಗಿ ಹೇಳಿದವರ ಬಳಿ ನಿಷಿದ್ಧ ವಸ್ತುವೇ ಸಿಕ್ಕರೂ ದಂಡವಿಲ್ಲ. ವಸ್ತು ಹೋಗುತ್ತದೆ, ಮನುಷ್ಯ ಹೊರಗೆ ಬರುತ್ತಾನೆ. ದಾರಿಯುದ್ದಕ್ಕೂ ಎಸೆಯಲು ಡಬ್ಬಿಗಳೂ ಇವೆ. ನನಗೆ ಕಾರ್ಡಿನ ಸಂಗತಿ ಗೊತ್ತಾದದ್ದು ಮೇಜಿನ ಮುಂದೆ ನಿಂತಾಗ. ಅಧಿಕಾರಿ ಕಾರ್ಡನ್ನು ಅವ್ವನ ಕಡೆ ತಿರುಗಿಸಿ, ಸಹಿಯ ಮೇಲೆ ಬೆರಳಿಟ್ಟು, ‘ಇದು ನಿಮ್ಮದೇ?’ ಎಂದು ಕೇಳಿದ. ಅವ್ವ ಹೌದೆಂದು ತಲೆಯಾಡಿಸಿದಳು. ‘ಪೆಟ್ಟಿಗೆ ನಿಮ್ಮದೇ? ನೀವೇ ತುಂಬಿದ್ದೇ? ಒಳಗೆ ಏನಿದೆ ಗೊತ್ತೇ?’ ಈ ಮೂರು ಪ್ರಶ್ನೆ ಪ್ರತಿಯೊಬ್ಬರಿಗೂ ಕೇಳುತ್ತಾರೆ, ಉತ್ತರ ದಾಖಲಾಗುತ್ತದೆ. ‘ಮಗಳು ತುಂಬಿದಳು’, ‘ಪಕ್ಕದ ಮನೆಯವರು ಕಳಿಸಿದ್ದು’ ಎಂಬ ಉತ್ತರದಿಂದ ಹೊಣೆ ತಪ್ಪುವುದಿಲ್ಲ.

ಪೆಟ್ಟಿಗೆ ತೆರೆಯಬೇಡಿ ಎನ್ನುವ ಹಕ್ಕು ಗಡಿಯಲ್ಲಿ ಯಾರಿಗೂ ಇಲ್ಲ. ಹೊರಗಿನ ಹುಳ-ರೋಗ ದೇಶದೊಳಗೆ ಬರದಂತೆ ತಡೆಯುವ 2015ರ ಬಯೋಸೆಕ್ಯುರಿಟಿ ಕಾಯ್ದೆಯ ಪ್ರಕಾರ ಅವರಿಗೆ ವಾರಂಟ್ ಬೇಕಿಲ್ಲ. ಆದರೆ ನಿಮಗೆ ಭಾಷೆ ಬಾರದಿದ್ದರೆ ದುಭಾಷಿ ಬೇಕೆಂದು ಕೇಳಬಹುದು, ಕೇಳಲೇಬೇಕು. ನಾನು ‘ನಾನೇ ಹೇಳ್ತೀನಿ’ ಎಂದು ಮುಂದಾದೆ. ಅಧಿಕಾರಿ ಬೇಡವೆಂದ. ಅದು ಒಳ್ಳೆಯದೇ ಆಯಿತು. ಮಗ ಅನುವಾದಿಸಿದ ಉತ್ತರಕ್ಕೆ ಆಮೇಲೆ ಬೆಲೆಯಿರುವುದಿಲ್ಲ. ಫೋನಿನಲ್ಲಿ ಸರ್ಕಾರಿ ದುಭಾಷಿ ಸೇವೆಗೆ ಕರೆ ಮಾಡಿದರು (ಹೊರಗೂ ಇದೇ ಸೇವೆ ಬೇಕಾದರೆ 131 450). ‘ಹಿಂದಿ?’ ಎಂದು ಕೇಳಿದರು. ಬೇಡ, ಕನ್ನಡ ಎಂದೆವು. 40 ನಿಮಿಷ ಕಾದ ಮೇಲೆ ಕನ್ನಡದವರು ಸಿಕ್ಕರು. ಹಿಂದಿ ಅಲ್ಪಸ್ವಲ್ಪ ಗೊತ್ತಿದೆ ಎಂದು ಒಪ್ಪಿಕೊಳ್ಳಬೇಡಿ. ಅರ್ಧ ಗೊತ್ತಿರುವ ಭಾಷೆಯಲ್ಲಿ ಕೊಟ್ಟ ‘ಹಾಂ ಜಿ’ ಕಾಗದದಲ್ಲಿ ಪೂರ್ತಿ ಒಪ್ಪಿಗೆಯಾಗಿ ನಿಲ್ಲುತ್ತದೆ.

ಕಾಯುವಷ್ಟು ಹೊತ್ತು ಅವ್ವ ಸ್ಟೀಲಿನ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ‘ನಾ ಏನ್ ಕಳವು ಮಾಡೀನೇನೋ?’ ಎಂದು ನಾಲ್ಕು ಸಲ ಕೇಳಿದಳು. ಮೇಜಿನ ಮೇಲೆ ಅಧಿಕಾರಿ ನೀಲಿ ಕೈಗವಸು ಹಾಕಿಕೊಂಡು ಮೆಣಸಿನಕಾಯಿ ಚೀಲದ ಮೂಲೆಯನ್ನು ಕತ್ತರಿಸಿದ. ಬಿಳಿ ತಟ್ಟೆಗೆ ಸುರಿದು ಎರಡು ಬದಿ ಹಿಡಿದು ಜಾಡಿಸಿದ, ಥೇಟ್ ಮೊರದಲ್ಲಿ ಕೇರುವ ಹಾಗೆ. ಕಾಯಿ ಒಂದು ಕಡೆ ಸರಿದವು, ತಳದಲ್ಲಿ ಬೀಜ ಮತ್ತು ಕೆಂಪು ದೂಳು ಉಳಿಯಿತು. ಆ ದೂಳಿನ ಮೇಲೆ ದೀಪ ಬಗ್ಗಿಸಿ, ಭೂತಗನ್ನಡಿ ಹಿಡಿದು ಎರಡು ನಿಮಿಷ ನೋಡಿದ. ಅವ್ವನ ಅಳು ನಿಂತಿತು. ‘ಎರಡು ಸಲ ಬಿಸಿಲಿಗೆ ಹಾಕೀನಿ, ಹುಳ ಇಲ್ಲಂತ ಹೇಳು ಅವಗ’ ಎಂದಳು.

ಹುಳ ಇರಲಿಲ್ಲ, ಆದರೂ ಮೆಣಸಿನಕಾಯಿ ಹೋಯಿತು. ಅಕ್ಕಿ, ತೊಗರಿ, ಹೆಸರು, ಕಡಲೆ, ಕೊತ್ತಂಬರಿ ಬೀಜ, ಜೀರಿಗೆ, ಸೋಂಪು, ಶೇಂಗಾ, ಒಣ ಮೆಣಸಿನಕಾಯಿ ಇವೆಲ್ಲ ಖಾಪ್ರಾ ಎಂಬ ದುಂಬಿ ಸೇರಿಕೊಳ್ಳುವ ಪದಾರ್ಥಗಳು. 2020ರ ಅಕ್ಟೋಬರ್ 15ರಿಂದ ಪ್ರಯಾಣಿಕರು ಯಾವ ದೇಶದಿಂದಲೂ ಇವನ್ನು ಹಸಿಯಾಗಿ ಪೆಟ್ಟಿಗೆಯಲ್ಲಿ ತರುವಂತಿಲ್ಲ; ಕಾರ್ಖಾನೆಯಲ್ಲಿ ಹುರಿದು ಅಥವಾ ಬೇಯಿಸಿ ಪೊಟ್ಟಣ ಕಟ್ಟಿದ್ದಾದರೆ ಲೆಕ್ಕ ಬೇರೆ. ದುಂಬಿ ಮೂರು ಮಿಲಿಮೀಟರೂ ಇರುವುದಿಲ್ಲ, ಅದರ ಮರಿಹುಳು ಊಟವಿಲ್ಲದೆ ವರ್ಷಗಟ್ಟಲೆ ಸಂದಿಯಲ್ಲಿ ಬದುಕಿರುತ್ತದೆ. ಹಾಗಾಗಿ ಕಣ್ಣಿಗೆ ಕಾಣಲಿಲ್ಲ ಎಂಬುದು ಅಲ್ಲಿ ವಾದವೇ ಅಲ್ಲ. ಪೇಡಾ ಹಾಲಿನದು. ನಮ್ಮ ದನಗಳಿಗೆ ಬರುವ ಕಾಲುಬಾಯಿ ಜ್ವರ ಆಸ್ಟ್ರೇಲಿಯಾದಲ್ಲಿ 1872ರ ನಂತರ ಬಂದಿಲ್ಲ, ಆ ವೈರಸ್ಸು ಹಾಲಿನ ಪದಾರ್ಥದಲ್ಲಿ ಉಳಿಯಬಲ್ಲದು. ಪೇಡಾ, ಬರ್ಫಿ, ಗುಲಾಬ್ ಜಾಮೂನು ಎಲ್ಲಕ್ಕೂ ಇದೇ ಕಾರಣ. ಕರಿಬೇವಿನ ಎಲೆಯ ಮೇಲೆ ಕೂರುವ ಸಣ್ಣ ಜಿಗಿಹುಳು ನಿಂಬೆ-ಕಿತ್ತಳೆ ಗಿಡಗಳಿಗೆ ಗ್ರೀನಿಂಗ್ ರೋಗ ಹಬ್ಬಿಸುತ್ತದೆ. ಕೊಡಗಿನ ಕಿತ್ತಳೆ ಬೆಳೆಗಾರರಿಗೆ ಈ ಹೆಸರು ಬಿಡಿಸಿ ಹೇಳಬೇಕಿಲ್ಲ. ಹುರಿದ ಕಾಫಿಪುಡಿಯಿಂದ ಇದಾವುದರ ಭಯವೂ ಇಲ್ಲ, ಹತ್ತು ಕೆಜಿಯವರೆಗೆ ತರಬಹುದು, ಕಾರ್ಡಿನಲ್ಲಿ ಹೇಳಿದರೆ ಆಯಿತು.

ಅವ್ವನ ಬಿಪಿ, ಶುಗರ್ ಮಾತ್ರೆಗಳನ್ನೂ ನೋಡಿದರು. ಮೂರು ತಿಂಗಳಿಗೆ ಆಗುವಷ್ಟು, ಮೂಲ ಪೊಟ್ಟಣದಲ್ಲೇ, ಡಾಕ್ಟರರ ಚೀಟಿಯೊಂದಿಗೆ ಇದ್ದವು. ಅದರ ಬಗ್ಗೆ ಎರಡನೇ ಮಾತು ಬರಲಿಲ್ಲ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ವಾರದ ಡಬ್ಬಿಗೆ ತುಂಬಿ ತರುವವರು ಆ ಕೆಲಸವನ್ನು ಇಳಿದ ಮೇಲೆ ಮಾಡಲಿ.

ನಾನು ಹೆದರಿದ್ದು ವೀಸಾಕ್ಕೆ. ಅವ್ವನದು ಸಂದರ್ಶಕರ ವೀಸಾ. 2019ರ ಏಪ್ರಿಲ್‌ನಿಂದ ಇಂಥ ತಪ್ಪಿಗೆ ಸಂದರ್ಶಕರ ವೀಸಾವನ್ನೇ ನಿಲ್ದಾಣದಲ್ಲಿ ರದ್ದು ಮಾಡುವ ಅಧಿಕಾರ ಬಂದಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಹತ್ತು ಕೆಜಿಗೂ ಹೆಚ್ಚು ತಿನಿಸು, ಅದರಲ್ಲಿ ಹಸಿ ಹಂದಿಮಾಂಸ, ಹೇಳದೆ ತಂದ ವಿಯೆಟ್ನಾಂ ಮಹಿಳೆಯೊಬ್ಬರನ್ನು ಸಿಡ್ನಿಯಿಂದಲೇ ವಾಪಸು ಕಳಿಸಿದರು, ಮೂರು ವರ್ಷ ಬರದಂತೆ. ಹಾಗಂತ ದಂಡದ ನೋಟಿಸು ಬಂದ ಕೂಡಲೇ ವೀಸಾ ತಾನಾಗಿ ಹೋಗುವುದಿಲ್ಲ, ಅವು ಎರಡು ಬೇರೆ ನಿರ್ಧಾರಗಳು. ವೀಸಾ ರದ್ದು ಮಾಡುವ ಆಲೋಚನೆಯಿದ್ದರೆ ಮೊದಲು ಕಾರಣ ತಿಳಿಸಿ ನಿಮ್ಮ ಉತ್ತರ ಕೇಳಬೇಕು. ಆ ಉತ್ತರಕ್ಕೆ ಸಿಗುವ ಸಮಯ ನಿಲ್ದಾಣದಲ್ಲಿ ನಿಮಿಷಗಳ ಲೆಕ್ಕದ್ದು. ವಯಸ್ಸು, ಕಾಯಿಲೆ, ಮೊಮ್ಮಗಳ ಹೆರಿಗೆ, ಹಿಂದೆ ಎಷ್ಟು ಸಲ ಬಂದು ತಪ್ಪಿಲ್ಲದೆ ಹೋದದ್ದು, ಏನಿದ್ದರೂ ಆಗಲೇ ಹೇಳಬೇಕು. ನಂತರ ಹೇಳುವ ಜಾಗವಿಲ್ಲ: ನಿಲ್ದಾಣ ದಾಟುವ ಮುಂಚೆ ರದ್ದಾದ ವೀಸಾಕ್ಕೆ ನ್ಯಾಯಮಂಡಳಿಯ ಮರುಪರಿಶೀಲನೆ ಸಿಗುವುದಿಲ್ಲ. ಉಳಿಯುವುದು ಕೋರ್ಟು ಮಾತ್ರ, ಅದೂ ನಿರ್ಧಾರದಲ್ಲಿ ಕಾನೂನಿನ ತಪ್ಪಿದೆ ಎಂದು ತೋರಿಸಿದರೆ. ನಮ್ಮ ವಿಷಯದಲ್ಲಿ ಆ ಮಾತು ಏಳಲಿಲ್ಲ. ಆದರೆ ಏಳುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ. ಎರಡೂ ಮುಕ್ಕಾಲು ತಾಸು ಹಾಗೇ ಕಳೆಯಿತು.

ಕಡೆಗೆ ನೋಟಿಸು ಕೈಗಿಟ್ಟರು. 1,980 ಎಂಬ ಅಂಕಿ ಎಲ್ಲಿಂದ ಬಂತು ಎಂದರೆ, ಅಲ್ಲಿ ದಂಡವನ್ನು ‘ಪೆನಾಲ್ಟಿ ಯುನಿಟ್’ ಲೆಕ್ಕದಲ್ಲಿ ಹಾಕುತ್ತಾರೆ. 2024ರ ನವೆಂಬರ್ 7ರಿಂದ ಒಂದು ಯುನಿಟ್‌ಗೆ 330 ಡಾಲರ್. ನಮಗೆ ಬಿದ್ದದ್ದು ಆರು ಯುನಿಟ್. ಇಂಥ ನೋಟಿಸಿನಲ್ಲಿ 6,600 ಡಾಲರಿನವರೆಗೂ ಹಾಕಬಹುದು. 2022ರ ಜುಲೈನಲ್ಲಿ ಬಾಲಿಯಿಂದ ಡಾರ್ವಿನ್‌ಗೆ ಬಂದ ಪ್ರಯಾಣಿಕನೊಬ್ಬನಿಗೆ, ತಿಂಡಿಗೆಂದು ಕೊಂಡಿದ್ದ ಮಾಂಸ ಹಾಕಿದ ಎರಡು ಮಫಿನ್, ಒಂದು ಕ್ರೊಸಾಂಗೆ 2,664 ಡಾಲರ್ ದಂಡ ಬಿದ್ದಿತ್ತು. ಆಗ ಯುನಿಟ್ ಬೆಲೆ 222 ಇತ್ತು. ನಿಲ್ದಾಣದಲ್ಲೇ ಕಟ್ಟಬೇಕೆಂಬ ಒತ್ತಾಯವಿಲ್ಲ. 28 ದಿನ ಸಮಯವಿದೆ. ನಾನು ಕಾರ್ಡು ತೆಗೆದದ್ದನ್ನು ಕಂಡು ಅಧಿಕಾರಿಯೇ ‘ಮನೆಗೆ ಹೋಗಿ ಓದಿ ನೋಡಿ’ ಎಂದ. ಒಳ್ಳೆಯ ಸಲಹೆ.

ಮನೆಗೆ ಬಂದ ಮೇಲೆ ಮೊದಲ ಎರಡು ದಿನ ಯಾರೂ ನೋಟಿಸು ಮುಟ್ಟಲಿಲ್ಲ. ಅವ್ವ ಊಟದ ಮುಂದೆ ಕೂತರೂ ‘ಇಷ್ಟು ರೊಕ್ಕದಾಗ ಒಂದು ಎಮ್ಮಿ ಬರತಿತ್ತು’ ಎನ್ನುತ್ತಿದ್ದಳು. ಮೂರನೆಯ ದಿನ ಕೂತು ಓದಿದೆ. ನೋಟಿಸಿನಲ್ಲಿ ಏನೇನು ಇರಲೇಬೇಕು ಎಂಬುದನ್ನು 2014ರ ಇನ್ನೊಂದು ಕಾಯ್ದೆ ಹೇಳುತ್ತದೆ: ನೋಟಿಸಿನ ಸಂಖ್ಯೆ, ದಿನಾಂಕ, ಯಾರಿಗೆ, ಯಾರು ಕೊಟ್ಟದ್ದು, ಯಾವ ಕಲಮಿನ ಉಲ್ಲಂಘನೆ, ಎಂದು ಎಷ್ಟು ಗಂಟೆಗೆ ಎಲ್ಲಿ, ಕೋರ್ಟಿಗೆ ಹೋದರೆ ಗರಿಷ್ಠ ದಂಡ ಎಷ್ಟು, ಕಟ್ಟುವ ಬಗೆ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದೆಯೇ ಎಂದು ಅಕ್ಷರ ಅಕ್ಷರ ನೋಡಿ. ಅವ್ವನ ಹೆಸರಿನಲ್ಲಿ ಒಂದು ‘ಎ’ ಬಿಟ್ಟುಹೋಗಿತ್ತು. ಅದರಿಂದ ನೋಟಿಸು ಬಿದ್ದುಹೋಗುವುದಿಲ್ಲ, ಆದರೆ ಹಣ ಕಟ್ಟುವಾಗ ಹೆಸರು ಹೊಂದದೆ ನಮ್ಮ ಅರ್ಧ ದಿನ ಹೋಯಿತು.

ಆ ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನಮ್ಮ ದಾರಿಗಳಿದ್ದವು. ಕಟ್ಟಿಬಿಟ್ಟರೆ ವಿಷಯ ಅಲ್ಲಿಗೇ ಮುಗಿಯಿತು. ತಪ್ಪು ಒಪ್ಪಿಕೊಂಡ ಹಾಗಲ್ಲ, ಶಿಕ್ಷೆಯಾದ ಹಾಗೂ ಅಲ್ಲ, ಅದೇ ಕಾರಣಕ್ಕೆ ಆಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮುಂದೆ ವೀಸಾ ಅರ್ಜಿಗಳಲ್ಲಿ ‘ನಿಮಗೆ ಶಿಕ್ಷೆಯಾಗಿದೆಯೇ’ ಎಂಬ ಪ್ರಶ್ನೆ ಬಂದಾಗ ಈ ಮಾತಿಗೆ ತೂಕ ಬರುತ್ತದೆ. ಎರಡನೆಯದು, ಸಮಯ ಹೆಚ್ಚಿಸಿ ಎಂದು ಕೇಳುವುದು. ಮೂರನೆಯದು, ಕಂತು. ನಾಲ್ಕನೆಯದು, ನೋಟಿಸನ್ನೇ ಹಿಂಪಡೆಯಿರಿ ಎಂದು ಲಿಖಿತ ಮನವಿ. ಐದನೆಯದು, ಕಟ್ಟದೆ ಕೋರ್ಟಿನಲ್ಲಿ ಎದುರಿಸುವುದು. ಐದನೆಯದನ್ನು ವಕೀಲರನ್ನು ಕೇಳದೆ ಯೋಚಿಸಲೂಬೇಡಿ, ಅಲ್ಲಿ ಸೋತರೆ ದಂಡ ನೋಟಿಸಿನ ಹಲವು ಪಟ್ಟು. ನಾವು ಕೇಳಿದ ವಕೀಲರು ಅರ್ಧ ಗಂಟೆಗೆ 220 ಡಾಲರ್ ಎಂದರು. ಆಮೇಲೆ ಗೊತ್ತಾಯಿತು, ಪ್ರತಿ ರಾಜ್ಯದಲ್ಲೂ ಲೀಗಲ್ ಏಡ್ ಇದೆ, ಬಡಾವಣೆಗಳಲ್ಲಿ ಸಮುದಾಯ ಕಾನೂನು ಕೇಂದ್ರಗಳಿವೆ, ಇಷ್ಟು ಸಲಹೆಗೆ ಅಲ್ಲಿ ದುಡ್ಡಿಲ್ಲ.

ಮನವಿ ಬರೆಯಲು ಮೂರು ಸಂಜೆ ಹಿಡಿಯಿತು. ಮೊದಲ ಕರಡು ನಾಲ್ಕು ಪುಟವಿತ್ತು: ಅವ್ವನ ವೈಧವ್ಯ, ಪೇಡಾದ ಮಹಿಮೆ, ಭಾರತೀಯ ಸಂಸ್ಕೃತಿ. ಎಲ್ಲ ಹರಿದು ಹಾಕಿದೆ. ಓದುವವನಿಗೆ ಬೇಕಾದದ್ದು ಉಲ್ಲಂಘನೆಯಾದ ಸಂದರ್ಭ, ಹಿಂದೆ ಇಂಥದ್ದು ಆಗಿದೆಯೋ ಇಲ್ಲವೋ, ಏನು ಕೇಳುತ್ತಿದ್ದೀರಿ, ಇಷ್ಟೇ. ಎರಡನೆಯ ಕರಡು ಒಂದು ಪುಟ. ನೋಟಿಸಿನ ಸಂಖ್ಯೆ ತಲೆಬರಹದಲ್ಲಿ. ವಯಸ್ಸು 67, ಓದು ಕನ್ನಡದಲ್ಲಿ ಮಾತ್ರ. ಕಾರ್ಡು ತುಂಬಿದವರು ಸಹಪ್ರಯಾಣಿಕ. ತಪಾಸಣೆಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಇದು ಮೊದಲ ಸಲ. ದಂಡದ ಬದಲು ಎಚ್ಚರಿಕೆ ಪತ್ರ ಕೊಡಿ. ಕಾನೂನು ಗೊತ್ತಿರಲಿಲ್ಲ ಎಂಬ ಸಾಲನ್ನು ಬರೆಯಲಿಲ್ಲ, ಅದಕ್ಕೆ ಬೆಲೆಯಿಲ್ಲ.

ಜೊತೆಗಿಟ್ಟ ಕಾಗದ: ನೋಟಿಸಿನ ಪ್ರತಿ, ವಶಪಡಿಸಿಕೊಂಡ ವಸ್ತುಗಳ ಪಟ್ಟಿ, ಬೋರ್ಡಿಂಗ್ ಪಾಸು (ಸೀಟು ಬೇರೆಯಿತ್ತು ಎಂದು ತೋರಿಸಲು ಎರಡೂ ಪಾಸು), ವೀಸಾ ಪತ್ರ, ಮತ್ತು ಅವ್ವನ ಪ್ರಮಾಣ ಹೇಳಿಕೆ. ಪ್ರಮಾಣ ಹೇಳಿಕೆಗೆ ನೋಟರಿ ಬೇಕಿಲ್ಲ. ಔಷಧಿ ಅಂಗಡಿಯ ಫಾರ್ಮಸಿಸ್ಟ್ ಕೂಡ ಸಾಕ್ಷಿ ಹಾಕಬಹುದು, ನಮ್ಮ ಬೀದಿಯವರು ದುಡ್ಡು ತೆಗೆದುಕೊಳ್ಳದೆ ಹಾಕಿಕೊಟ್ಟರು. ಅದರಲ್ಲಿ ಸುಳ್ಳು ಬರೆದರೆ ಜೈಲು, ಆದ್ದರಿಂದ ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯಿರಿ. ಕನ್ನಡ ಶಾಲೆಯ ದಾಖಲೆಯೂ ಇರಲಿ ಎಂದು ಊರಿನಲ್ಲಿದ್ದ ತಮ್ಮ ಟ್ರಂಕು ತಡಕಾಡಿ, ಅವ್ವನ ನಾಲ್ಕನೇ ಇಯತ್ತೆಯ ದಾಖಲೆಯ ಫೋಟೊ ಕಳಿಸಿದ. ಅಂಚು ಇಲಿ ತಿಂದಿತ್ತು, ಶಾಲೆಯ ಮೊಹರು ಮಾತ್ರ ಸ್ಪಷ್ಟವಾಗಿತ್ತು. ಅದನ್ನು ಮಾನ್ಯತೆ ಪಡೆದ ಅನುವಾದಕರಿಂದ ಇಂಗ್ಲಿಷಿಗೆ ಮಾಡಿಸಲು 65 ಡಾಲರ್. ಕಾರ್ಡಿನ ಪ್ರತಿಯನ್ನು ನಾನು ಅಂದು ಕೇಳಲಿಲ್ಲ. ನೀವು ಮೇಜಿನ ಮುಂದೆಯೇ ಕೇಳಿ.

ಆರನೆಯ ದಿನ ಮನವಿ ಹೋಯಿತು. ನಾನು ತಪ್ಪಿದ್ದು ಇಲ್ಲೇ. ಮನವಿ ಕೊಟ್ಟರೆ 28 ದಿನಗಳ ಗಡಿಯಾರ ನಿಲ್ಲುತ್ತದೆ ಎಂದುಕೊಂಡಿದ್ದೆ. ಅದು ನಿಲ್ಲುವುದಿಲ್ಲ. ಉತ್ತರ ಬರದೆ 28 ದಿನ ದಾಟಿದರೆ ನೀವು ದಂಡ ಕಟ್ಟದವರ ಸಾಲಿಗೆ ಸೇರುತ್ತೀರಿ. 22ನೆಯ ದಿನ ಇದು ಹೊಳೆದು, ರಾತ್ರೋರಾತ್ರಿ ಸಮಯ ವಿಸ್ತರಣೆಗೆ ಬೇರೆ ಅರ್ಜಿ ಹಾಕಿದೆ. ಫೋಟೊಗಳು ದೊಡ್ಡವಿದ್ದು ಮೇಲ್ ವಾಪಸು ಬಂತು. ಎಲ್ಲ ಚಿಕ್ಕದು ಮಾಡಿ ಮತ್ತೆ ಕಳಿಸುವಾಗ ರಾತ್ರಿ ಒಂದೂವರೆ. ಮನವಿ ಮತ್ತು ವಿಸ್ತರಣೆ ಅರ್ಜಿ ಎರಡನ್ನೂ ಒಂದೇ ದಿನ, ಬೇರೆ ಬೇರೆ ಪತ್ರವಾಗಿ ಹಾಕಿಬಿಡಿ. ವಿಸ್ತರಣೆ ಕೊಡದಿದ್ದರೂ ನಿರಾಕರಣೆ ತಿಳಿಸಿದ ದಿನದಿಂದ ಏಳು ದಿನವಾದರೂ ಸಿಗುತ್ತದೆ. ಇನ್ನು ಕೆಲವರು ಕೇಳಿದರು: ಮೊದಲು ಕಟ್ಟಿ, ಆಮೇಲೆ ನೋಟಿಸು ಹಿಂಪಡೆದರೆ? ಕಟ್ಟಿದ ಹಣ ವಾಪಸು ಬರುತ್ತದೆ, ಕಾನೂನಿನಲ್ಲೇ ಇದೆ. ಕೈಯಲ್ಲಿ ಹಣ ಇರುವವರಿಗೆ ನಿದ್ದೆ ಬರುವ ದಾರಿ ಅದು. ಕಟ್ಟದೆ ಊರಿಗೆ ಹಾರಿಬಿಟ್ಟರಾಯಿತು ಎಂದವರೂ ಇದ್ದರು. ಮೊಮ್ಮಕ್ಕಳು ಈ ದೇಶದಲ್ಲಿರುವವರು ಆ ಮಾತು ಕೇಳಬಾರದು.

ನಡುವೆ ದುಬೈಯಲ್ಲಿರುವ ಚಿಕ್ಕಪ್ಪ ಫೋನು ಮಾಡಿ, ‘ರಾಯಭಾರ ಕಚೇರಿಗೆ ಹೇಳ್ರಲಾ’ ಎಂದ. ಆ ಸಲಹೆ ಅವನ ಊರಿಗೆ ಸರಿ, ನಮ್ಮ ಪ್ರಕರಣಕ್ಕಲ್ಲ. ಬರೀ ದಂಡದ ನೋಟಿಸಿನಲ್ಲಿ ಕಾನ್ಸುಲೇಟಿಗೆ ಮಾಡಲು ಕೆಲಸವಿಲ್ಲ. ಬಂಧನವಾದರೆ ಮಾತು ಬೇರೆ: 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯಂತೆ, ಬಂಧಿತರು ಕೇಳಿದರೆ ಅವರ ದೇಶದ ಕಾನ್ಸುಲೇಟಿಗೆ ತಡಮಾಡದೆ ತಿಳಿಸಬೇಕು, ಮತ್ತು ಹಾಗೆ ಕೇಳುವ ಹಕ್ಕಿದೆ ಎಂದು ಬಂಧಿತರಿಗೆ ಹೇಳಬೇಕು. ಕಾನ್ಸುಲೇಟಿನವರು ಬಂದು ಭೇಟಿಯಾಗಬಹುದು, ವಕೀಲರನ್ನು ಗೊತ್ತುಮಾಡಲು ನೆರವಾಗಬಹುದು; ಬಿಡಿಸಿಕೊಂಡು ಬರುವ ಅಧಿಕಾರ ಅವರಿಗಿಲ್ಲ. ಗಲ್ಫಿಗೆ ಹೋಗುವವರಿಗೆ ಇದು ಬಾಯಿಪಾಠ ಆಗಿರಬೇಕು, ಯಾಕೆಂದರೆ ನಮ್ಮ ಪಾಯಸದ ಗಸಗಸೆ ಯುಎಇಯಲ್ಲಿ ನಿಷಿದ್ಧ, ಸಿಂಗಾಪುರದಲ್ಲೂ ನಿಷಿದ್ಧ. ಆಸ್ಟ್ರೇಲಿಯಾದಲ್ಲಿ ಪೇಡಾ ಹುಳ-ರೋಗದ ಪ್ರಶ್ನೆ. ಅಲ್ಲಿ ಗಸಗಸೆ ಮಾದಕ ವಸ್ತುವಿನ ಪ್ರಶ್ನೆ. ಅಲ್ಲಿ ಅರಬ್ಬಿಯಲ್ಲಿ ಬರೆದ ಹೇಳಿಕೆಗೆ, ಒಬ್ಬರು ಓದಿ ಅರ್ಥ ಹೇಳುವ ತನಕ, ಸಹಿ ಹಾಕಬೇಡಿ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಔಷಧಿ ಒಯ್ಯುವವರು ಹೊರಡುವ ಮುಂಚೆಯೇ ಯುಎಇ ಸರ್ಕಾರದ ಆನ್‌ಲೈನ್ ಅನುಮತಿ ಪಡೆಯಬೇಕು.

ವಿಸ್ತರಣೆ 26ನೆಯ ದಿನ ಸಿಕ್ಕಿತು, ಮೂವತ್ತು ದಿನ. ಮನವಿಗೆ ಉತ್ತರ ಬಂದದ್ದು 41ನೆಯ ದಿನ. ಎರಡು ಪ್ಯಾರಾ. ನಿಮ್ಮ ಮನವಿಯನ್ನು ಪರಿಶೀಲಿಸಿದೆವು, ನೋಟಿಸು ಹಿಂಪಡೆಯುವುದಿಲ್ಲ. ಕಾರಣ ಓದಿ ನಾನು ಪೆಚ್ಚಾದೆ. ಭಾಷೆಯ ತೊಂದರೆಯಿಂದ ಯಾವುದಾದರೂ ವಸ್ತುವಿನ ಬಗ್ಗೆ ಅನುಮಾನವಿದ್ದರೆ ಸಹಾಯ ಕೇಳಿ, ಇಲ್ಲವೇ ‘ಎಸ್’ ಎಂದು ಉತ್ತರಿಸಿ ಎಂದು ಕಾರ್ಡಿನಲ್ಲೇ ಅಚ್ಚಾಗಿದೆ. ನಾವು ಕಟ್ಟಿದ ವಾದದ ಅಡಿಪಾಯಕ್ಕೇ ಆ ಒಂದು ಸಾಲು ಸಾಕಾಯಿತು. ಆ ಸಾಲು ಇಂಗ್ಲಿಷಿನಲ್ಲಿದೆ, ಓದಲು ಬಾರದವಳಿಗೆ ಅದನ್ನು ಯಾರು ಓದಿ ಹೇಳಬೇಕಿತ್ತು ಎಂದು ನಾನು ಮತ್ತೊಂದು ಪತ್ರ ಬರೆಯಬಹುದಿತ್ತು. ಬರೆಯಲಿಲ್ಲ. ಓದಿ ಹೇಳಬೇಕಾಗಿದ್ದವನು ನಾನೇ.

ಕಂತಿಗೆ ಅರ್ಜಿ ಹಾಕಿದೆವು. ಬ್ಯಾಂಕಿನ ಮೂರು ತಿಂಗಳ ಲೆಕ್ಕ, ಅವ್ವನ ಕುಟುಂಬ ಪಿಂಚಣಿಯ ಪಾಸ್‌ಬುಕ್ಕಿನ ಪುಟ ಕೇಳಿದರು. ಒಂಬತ್ತು ದಿನಕ್ಕೆ ಒಪ್ಪಿಗೆ ಬಂತು: ತಿಂಗಳಿಗೆ 330ರಂತೆ ಆರು ಕಂತು. ಒಂದು ಕಂತು ತಪ್ಪಿದರೂ ಏರ್ಪಾಟು ಮುರಿಯುತ್ತದೆ ಎಂದು ಪತ್ರದಲ್ಲಿ ದಪ್ಪ ಅಕ್ಷರದಲ್ಲಿದೆ. ಪ್ರತಿ ಸಲ ಕಟ್ಟುವಾಗ ನೋಟಿಸಿನ ಸಂಖ್ಯೆಯನ್ನೇ ಉಲ್ಲೇಖವಾಗಿ ಹಾಕಬೇಕು. ಮೊದಲ ಕಂತಿಗೆ ಅವ್ವನ ಹೆಸರು ಹಾಕಿ ಕಟ್ಟಿ, ಹಣ ಎಲ್ಲಿ ಹೋಯಿತೆಂದು ಹುಡುಕಲು ಎರಡು ಫೋನು, 50 ನಿಮಿಷದ ಕಾಯುವ ಸಂಗೀತ. ಅವ್ವ ಮೂರನೆಯ ತಿಂಗಳ ಕೊನೆಗೆ ಊರಿಗೆ ಹೋಗುತ್ತಾಳೆ, ಉಳಿದ ಕಂತು ನನ್ನ ಖಾತೆಯಿಂದ ಹೋಗುತ್ತದೆ. ಯಾರು ಕಟ್ಟಿದರೂ ನಡೆಯುತ್ತದೆ.

ಒಟ್ಟು ಖರ್ಚು: ದಂಡ 1,980, ಅನುವಾದ 65, ವಕೀಲರ ಅರ್ಧ ಗಂಟೆ 220. ನೋಟಿಸು, ಮನವಿ, ಎರಡೂ ಉತ್ತರ, ಕಂತಿನ ರಸೀದಿಗಳನ್ನು ಅವ್ವನ ಪಾಸ್‌ಪೋರ್ಟಿನ ಚೀಲದಲ್ಲೇ ಇಟ್ಟಿದ್ದೇನೆ, ಮುಂದಿನ ವೀಸಾಕ್ಕೆ ಬೇಕಾಗುತ್ತವೆ. ಆ ಚೀಲದಲ್ಲಿ ಇನ್ನೊಂದು ಚೀಟಿಯೂ ಇದೆ. ಕಾರ್ಡಿನ ಪ್ರಶ್ನೆಗಳನ್ನು ನಾನು ಕನ್ನಡದಲ್ಲಿ ಬರೆದುಕೊಟ್ಟದ್ದು, ಆರು, ಏಳು, ಒಂಬತ್ತು, ಹತ್ತರ ಮುಂದೆ ಅವ್ವ ತನ್ನ ಕೈಯಾರೆ ‘ಹೌದು’ ಎಂದು ಬರೆದುಕೊಂಡಿದ್ದಾಳೆ. ಬರುವ ತಿಂಗಳು ಸಿಡ್ನಿಗೆ ಬರಲಿರುವ ಅವಳ ತಂಗಿಗೆ ಅದರ ಫೋಟೊ ಹೋಗಿದೆ. ಕಾಫಿಪುಡಿ ಎರಡು ಕೆಜಿ ತರಲು ಹೇಳಿದ್ದಾಳೆ.